ನನ್ನ ದನಿ ಹೋದಾಗ ಬಂದ ಕೆಟಲ್

ರಾಯದುರ್ಗದ ನಮ್ಮ ಬಾಡಿಗೆ ಮನೆಯಲ್ಲಿ ಎರಡು ಒಲೆಗಳಿದ್ದವು. ಅಡುಗೆಮನೆಯ ಕಟ್ಟೆಯ ಮೇಲೆ ಅಮ್ಮನ ಸೀಮೆಎಣ್ಣೆ ಸ್ಟವ್, ಹಿತ್ತಲ ಗೋಡೆಗೆ ಒತ್ತಿಕೊಂಡು ಅಜ್ಜಿಯ ಮೂರು ಕಲ್ಲಿನ ಒಲೆ. ಅಮ್ಮ ಒಳಗೆ ಮುದ್ದೆ ತಿರುವುತ್ತಿದ್ದಳು, ಅಜ್ಜಿ ಹೊರಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಎರಡನ್ನೂ ತಿನ್ನುತ್ತಿದ್ದ. ಯಾವುದು ಚೆನ್ನಾಗಿತ್ತು ಎಂದು ಯಾರಾದರೂ ಕೇಳುವ ಮೊದಲೇ ಕೈ ತೊಳೆದು ಎದ್ದುಬಿಡುತ್ತಿದ್ದ. ಅತ್ತೆ ಸೊಸೆಯರ ನಡುವೆ ಮಾತಿರಲಿಲ್ಲ. ಹಾಗೆಂದು ಮನೆಯೇನೂ ಮೌನವಾಗಿರಲಿಲ್ಲ. ದಿನವಿಡೀ ಒಬ್ಬರು ಇನ್ನೊಬ್ಬರಿಗೆ ಹೇಳುವುದು ಏನಾದರೂ ಇದ್ದೇ ಇರುತ್ತಿತ್ತು. ಅದನ್ನು ಹೊತ್ತು ಹಿತ್ತಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ಓಡಾಡುವ ಕೆಲಸ ನನ್ನದು. ನಾನಾಗ ಮೂರನೇ ಕ್ಲಾಸಿನಲ್ಲಿದ್ದೆ.

ನಮ್ಮೂರು ಗುಮ್ಮಘಟ್ಟದ ಕಡೆಯ ಸಣ್ಣ ಹಳ್ಳಿ. ಅಜ್ಜಿ ಹುಟ್ಟಿದ್ದೂ, ಮದುವೆಯಾದದ್ದೂ, ಕುರಿ ಕಾದದ್ದೂ ಆ ಸೀಮೆಯಲ್ಲೇ. ಅಮ್ಮ ರೊಳ್ಳದ ಕಡೆಯವಳು. ಅವಳ ತವರಿನಲ್ಲಿ ಶೇಂಗಾ ಹೊಲದ ಪಕ್ಕ ಹಿಪ್ಪುನೇರಳೆ ತೋಟವಿತ್ತು, ನಡುಮನೆಯ ತುಂಬ ರೇಷ್ಮೆಹುಳುವಿನ ತಟ್ಟೆಗಳಿದ್ದವು. ಅವಳ ಅಕ್ಕ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ ಮಿಷನ್ ಹೊಲಿಗೆ ಕಲಿತು, ಹಬ್ಬಕ್ಕೆ ಬಂದಾಗಲೆಲ್ಲ ತಂಗಿಗೂ ಕೈ ಹಿಡಿದು ಕಲಿಸಿದ್ದಳು. ರಾಯದುರ್ಗದಲ್ಲಿ ಓಣಿ ಓಣಿಗೂ ಜೀನ್ಸ್ ಹೊಲಿಗೆ ಬಂದಿದೆ, ಗಂಡಸರಿಗೆ ಯೂನಿಟ್ಟಿನಲ್ಲಿ ಕೆಲಸ, ಹೆಂಗಸರಿಗೆ ಮನೆಯಲ್ಲೇ ಕೆಲಸ ಎಂಬ ಸುದ್ದಿ ಕೇಳಿದ ಮೇಲೆ ಅಮ್ಮನ ಮನಸ್ಸು ಹಳ್ಳಿಯಲ್ಲಿ ನಿಲ್ಲಲಿಲ್ಲ. ಅಪ್ಪನೂ ಒಪ್ಪಿದ. ಕುರಿಗಳು ಚಿಕ್ಕಪ್ಪನ ಹಟ್ಟಿಗೆ ಸೇರಿದವು. ಹೊರಟ ದಿನ ಟ್ರ್ಯಾಕ್ಟರಿಗೆ ಸಾಮಾನು ತುಂಬಿ ಆದ ಮೇಲೆ ಅಮ್ಮ ಒಳಗೆ ಹೋಗಿ, ಬೆಳಗಿನಿಂದ ಉರಿಯುತ್ತಿದ್ದ ಒಲೆಗೆ ಒಂದು ತಂಬಿಗೆ ನೀರು ಸುರಿದು ಬಂದಳು. ಚುಂಯ್ ಎಂಬ ಸದ್ದು ಹೊರಗೆ ನಿಂತಿದ್ದ ನನಗೂ ಕೇಳಿಸಿತ್ತು. ಒಲೆಗೆ ನೀರು ಸುರಿಯುವುದು ನಮ್ಮ ಕಡೆ ಸಾವಾದ ಮನೆಯಲ್ಲಿ ಮಾತ್ರ. ಊರು ಬಿಡುವವರು ಕೆಂಡದ ಮೇಲೆ ಬೂದಿ ಮುಚ್ಚಿ ಹೋಗುತ್ತಾರೆ, ಮತ್ತೆ ಬಂದೇವು ಎಂಬ ನಂಬಿಕೆಯಿಂದ. ಅಜ್ಜಿ ಅಂಗಳದಲ್ಲಿ ನಿಂತಲ್ಲೇ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ:

"ಉರಿಯೋ ಒಲಿಗೆ ನೀರ್ ಹಾಕಿದಾಕಿ ಕೂಡ ಇನ್ನ ನನಗ ಮಾತಿಲ್ಲ."

ಅಮ್ಮ ಬಿಸಿರಕ್ತದವಳು. ನಂಗೂ ಇಲ್ಲ ಎಂದು ಅಲ್ಲೇ ಹೇಳಿ ಟ್ರ್ಯಾಕ್ಟರು ಹತ್ತಿದಳು. ಅದೇ ಟ್ರ್ಯಾಕ್ಟರಿನಲ್ಲಿ, ಕಂಬಳಿ ಗಂಟುಗಳ ಆಚೆಗೆ ಅಜ್ಜಿ, ಈಚೆಗೆ ಅಮ್ಮ, ನಡುವೆ ನಾನು ಕೂತು ರಾಯದುರ್ಗಕ್ಕೆ ಬಂದೆವು.

ಬೆಟ್ಟದ ಬುಡದ ಓಣಿ ನಮ್ಮದು. ಬೆಳಿಗ್ಗೆ ಎದ್ದರೆ ಮಿಷನ್ನಿನ ಸದ್ದು, ಮಲಗುವಾಗಲೂ ಅದೇ. ಅಪ್ಪ ಒಂದು ಯೂನಿಟ್ಟಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದ. ಅಮ್ಮ ಪಡಸಾಲೆಯ ಕಿಟಕಿ ಪಕ್ಕ ಮಿಷನ್ ಇಟ್ಟುಕೊಂಡು ಪ್ಯಾಂಟಿನ ಜೇಬು ಹೊಲಿಯುತ್ತಿದ್ದಳು. ಜೀನ್ಸ್ ಬಟ್ಟೆಯ ಬಂಡಲ್ ಬಿಚ್ಚಿದರೆ ಮನೆಯೆಲ್ಲ ನೀಲಿ ಧೂಳು. ಅಮ್ಮನ ಅಂಗೈ ನೀಲಿ, ಮಿಷನ್ನಿನ ಹತ್ತಿರದ ಗೋಡೆ ನೀಲಿ, ನಾನು ಮೂಗು ಸೀಟಿದರೆ ಅದೂ ನೀಲಿ. ಅಜ್ಜಿ ಮಾತ್ರ ಹಿತ್ತಲಲ್ಲೇ ಕೂತು ತನ್ನ ಬಿಳಿ ಸೆರಗಿಗೆ ಒಂದು ಚುಕ್ಕೆಯೂ ಹತ್ತದಂತೆ ನೋಡಿಕೊಂಡಿದ್ದಳು. ಅವಳು ಅಮ್ಮ ಕಾಸಿದ ಟೀ ಮುಟ್ಟುತ್ತಿರಲಿಲ್ಲ. ತನ್ನ ಒಲೆಯ ಮೇಲೆ ತಾನೇ ಬೆಲ್ಲ ಹಾಕಿ, ಹಾಲಿಲ್ಲದ ಕರಿ ಚಾ ಕಾಸಿಕೊಂಡು ಕುಡಿಯುತ್ತಿದ್ದಳು. ಅದೇ ನೋಡಿ, ಒಂದೇ ಪುಡಿಯದು ಒಳಗೆ ಟೀ, ಹೊರಗೆ ಚಾ. ಅಮ್ಮ "ತಟ್ಟೆ ಮಡಗು" ಅಂದರೆ ಅಜ್ಜಿ "ಗಂಗಾಳ ಇಡು" ಅನ್ನುತ್ತಿದ್ದಳು. ಹೊಸ್ತಿಲು ದಾಟುವಾಗ ನನ್ನ ನಾಲಿಗೆ ತಾನಾಗಿ ತಿರುಗಿಕೊಳ್ಳುತ್ತಿತ್ತು. ಗಡಿಯಾಚೆಯ ಊರಾದ್ದರಿಂದ ಓಣಿಗೆ ಇಳಿದರೆ ತೆಲುಗು.

ಮಾತು ಹೊರುವುದು ಸುಲಭದ ಕೆಲಸವಲ್ಲ. ಇಬ್ಬರೂ ಒಂದೇ ಕಡೆ ಇದ್ದಾಗ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ನೇರವಾಗಿಯೇ ಬೀಳುತ್ತಿತ್ತು. ಆದರೂ ನಾನು ಅದನ್ನು ಮತ್ತೊಮ್ಮೆ ಹೇಳುವವರೆಗೆ ಕೇಳಿಸಿಲ್ಲವೆಂಬಂತೆ ಕೂತಿರುತ್ತಿದ್ದರು. ದೂರ ಇದ್ದಾಗ ನನಗೆ ಸ್ವಲ್ಪ ಉಸಿರು. "ನಿಮ್ಮವ್ವಗ ಹೇಳು, ಸಾರಿಗೆ ಉಪ್ಪು ಸಮುದ್ರದಾಗಿಂದ ಹೊತ್ತು ತಂದಾಳೇನು ಕೇಳು" ಎಂದು ಅಜ್ಜಿ ಕಳಿಸಿದರೆ, ನಾನು ಒಳಗೆ ಹೋಗಿ ಅಜ್ಜಿಗೆ ಮಜ್ಜಿಗೆ ಬೇಕಂತೆ ಅನ್ನುತ್ತಿದ್ದೆ. ಅಮ್ಮ ಮಜ್ಜಿಗೆ ಕೊಡುತ್ತಿದ್ದಳು. ಅಜ್ಜಿ ನನ್ನನ್ನೊಮ್ಮೆ ನೋಡಿ ಅದನ್ನು ಕುಡಿಯುತ್ತಿದ್ದಳು. ಆದರೆ ಎಲ್ಲ ಮಾತಿಗೂ ಮಜ್ಜಿಗೆ ಸಾಕಾಗುತ್ತಿರಲಿಲ್ಲ. ಕೆಲವನ್ನು ಹೇಳಲೇಬೇಕಾಗುತ್ತಿತ್ತು, ಹೇಳಿದ ಮೇಲೆ ಕೇಳಿದವರ ಸಿಟ್ಟು ಮೊದಲು ತಾಗುವುದು ನನಗೇ. ಸ್ಕೂಲಿನಿಂದ ಬರುವಾಗ ಮನೆಯ ತಿರುವಿನಲ್ಲಿ ನನ್ನ ನಡಿಗೆ ನಿಧಾನವಾಗುತ್ತಿತ್ತು. ಮುಂದೆ ನಾನು ಕನ್ನಡ ಶಾಲೆಯಲ್ಲಿ ಟೀಚರಾದೆ. ಮುನಿಸಿಕೊಂಡ ಇಬ್ಬರು ಮಕ್ಕಳು ಮೂರನೆಯವಳ ಕೈಲಿ ಮಾತು ಹೇಳಿ ಕಳಿಸುವುದು ಕಂಡರೆ, ಪಾಠ ನಿಲ್ಲಿಸಿ ಅವರಿಬ್ಬರನ್ನೂ ಎದುರುಬದುರು ಕೂರಿಸುತ್ತೇನೆ. ಯಾಕೆಂದು ಅವರಿಗೆ ಗೊತ್ತಿಲ್ಲ. ನನ್ನ ಕಣ್ಣಿಗೆ ಬೀಳುವುದು ಆ ಮೂರನೆಯವಳು.

ಆ ವರ್ಷ ಬಿಸಿಲು ಹೋಗಿ ಮೋಡ ಕಟ್ಟುವ ಹೊತ್ತಿಗೆ ನನಗೆ ಜ್ವರ ಬಂತು. ಕೆಮ್ಮು, ಗಂಟಲು ನೋವು, ಉಗುಳು ನುಂಗಿದರೆ ಮುಳ್ಳು ನುಂಗಿದಂತೆ. ಜ್ವರ ಇಳಿದ ಬೆಳಿಗ್ಗೆ ಅಜ್ಜಿ ಹಿತ್ತಲಿಂದ ಬಂದು ನನ್ನ ಹಣೆ ಮುಟ್ಟಿ ನೋಡಿ, ಮೈ ತಣ್ಣಗಾಗಿದೆ, ಗಂಜಿ ಮಾಡಬೇಕೆಂದು ನಿಮ್ಮವ್ವನಿಗೆ ಹೇಳು ಅಂದಳು. ನಾನು ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ. ಇನ್ನೊಮ್ಮೆ ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಾನು ಹೇಳಲಿ ಎಂದು ಕಾಯುತ್ತ ನಿಂತಿದ್ದಳು, ಪಕ್ಕದಲ್ಲಿ ಅಜ್ಜಿ ಕಾಯುತ್ತ ಕೂತಿದ್ದಳು. ನಾನು ಗಂಟಲು ಹಿಡಿದುಕೊಂಡು ಅಳತೊಡಗಿದೆ. ಅಳುವಿಗೂ ಸದ್ದಿರಲಿಲ್ಲ.

ಅಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿದ. ಆತ ಬ್ಯಾಟರಿ ಬಿಟ್ಟು ಗಂಟಲೊಳಗೆ ನೋಡಿ, ತೆಲುಗಿನಲ್ಲಿ ಅಪ್ಪನಿಗೆ ಬಿಡಿಸಿ ಹೇಳಿದ. ದನಿಯ ಜಾಗ ಊದಿಕೊಂಡಿದೆ. ಅದು ಇಳಿಯುವವರೆಗೆ ಮಗು ಒಂದು ಮಾತೂ ಆಡಕೂಡದು, ಪಿಸುಗುಟ್ಟುವುದೂ ಕೂಡದು. ಬಲವಂತ ಮಾಡಿದರೆ ದನಿ ಒಡೆದು ಹಾಗೇ ನಿಂತರೂ ನಿಲ್ಲಬಹುದು. ಧೂಳಿನಿಂದ ದೂರ ಇಡಿ, ಗಳಿಗೆಗೊಮ್ಮೆ ಬೆಚ್ಚಗಿರುವುದು ಕುಡಿಸುತ್ತಿರಿ. ಅಪ್ಪ ಮನೆಗೆ ಬಂದು, ಅಡುಗೆಮನೆಗೂ ಹಿತ್ತಲಿಗೂ ನಡುವಿನ ಬಾಗಿಲಲ್ಲಿ ನಿಂತು, ಇಬ್ಬರಿಗೂ ಒಟ್ಟಿಗೇ ಇದನ್ನು ಹೇಳಿದ. ಹುಡುಗಿಗೆ ಮಾತು ಬರದೇ ಹೋದರೆ ಎಂದು ಅರ್ಧ ಹೇಳಿ ನಿಲ್ಲಿಸಿ, ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದ.

ಅಂದಿನಿಂದ ಮನೆಯಲ್ಲಿ ನಿಜವಾದ ಮೌನ ಬಂತು. ನನ್ನ ಹಾಸಿಗೆಯನ್ನು ಬಂಡಲ್‌ಗಳಿಂದ ದೂರ, ಅಡುಗೆಮನೆಗೂ ಹಿತ್ತಲಿಗೂ ನಡುವಿನ ಜಾಗಕ್ಕೆ ತಂದರು. ಅಮ್ಮ ಮಿಷನ್ನಿನ ಮೇಲೆ ಒಂದು ಹಳೆ ಸೀರೆ ಹೊದಿಸಿಟ್ಟಳು. ನಾನು ಮಲಗಿಕೊಂಡು ಎರಡೂ ಕಡೆ ನೋಡುತ್ತಿದ್ದೆ. ಅಜ್ಜಿ ಅಭ್ಯಾಸಬಲದಿಂದ "ಗಂಗೀ, ನಿಮ್ಮವ್ವಗ" ಎಂದು ಶುರು ಮಾಡಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಅಮ್ಮ "ನಿಮ್ಮಜ್ಜಿಗೆ ಯೇಳು" ಎಂದು ತಿರುಗಿ ನನ್ನ ಮುಖ ಕಂಡು ಹಾಗೇ ನಿಲ್ಲುತ್ತಿದ್ದಳು. ಆಮೇಲೆ ಗೋಡೆಗೆ ಹೇಳಲು ಶುರುವಾಯಿತು. ಶುಂಠಿ ಜಜ್ಜಿ ಹಾಕಿದರೆ ಕೂಸಿಗೆ ಒಳ್ಳೆಯದು ಎಂದು ಅಜ್ಜಿ ಕಂಬಕ್ಕೆ ಹೇಳಿದಳು. ಶುಂಠಿ ಹಾಕಿಯಾಗಿದೆ ಎಂದು ಅಮ್ಮ ಸ್ಟವ್ವಿಗೆ ಹೇಳಿದಳು. ಕಂಬಕ್ಕೂ ಸ್ಟವ್ವಿಗೂ ಮಾತು ನಡೆಯುತ್ತಿರುವುದನ್ನು ಕಂಡು ನನಗೆ ನಗು ಬಂತು, ನಕ್ಕರೆ ಕೆಮ್ಮು ಬಂತು. ಕೆಮ್ಮಿದ ಕೂಡಲೇ ಇಬ್ಬರೂ ಎರಡು ಕಡೆಯಿಂದ ಓಡಿ ಬಂದು ನನ್ನ ಬೆನ್ನು ಸವರಲು ಕೈ ಚಾಚಿ, ಇನ್ನೊಬ್ಬರ ಕೈ ಕಂಡು ಹಿಂದಕ್ಕೆ ತೆಗೆದುಕೊಂಡರು. ಕೊನೆಗೆ ಬೆನ್ನು ಸವರಿದ್ದು ಯಾರೆಂದರೆ ಯಾರೂ ಇಲ್ಲ.

ನಮ್ಮಲ್ಲಿ ಒಳಗಿನ ಟೀಗೂ ಹೊರಗಿನ ಚಾಗೂ ಕಷಾಯಕ್ಕೂ ಇದ್ದದ್ದು ಒಂದೇ ಅಲ್ಯೂಮಿನಿಯಂ ಬೋಗುಣಿ. ತಳ ಮೊದಲೇ ತೆಳುವಾಗಿ ಉಬ್ಬಿತ್ತು. ಮೂರನೆಯದೋ ನಾಲ್ಕನೆಯದೋ ದಿನ, ಅಮ್ಮ ಕಷಾಯಕ್ಕೆ ಇಟ್ಟು, ಬಂಡಲ್ ಒಯ್ಯಲು ಬಂದವರಿಗೆ ಕೆಲಸ ಯಾಕೆ ನಿಂತಿದೆ ಎಂದು ಹೇಳಲು ಬಾಗಿಲಿಗೆ ಹೋದಳು. ಅಜ್ಜಿ ಹಿತ್ತಲಲ್ಲಿ ಕಟ್ಟಿಗೆ ಒಡೆಯುತ್ತಿದ್ದಳು. ನೀರು ಆರಿ, ಶುಂಠಿ ಸೀದು, ಬೋಗುಣಿಯಿಂದ ಹೊಗೆ ಏಳುವುದು ಹಾಸಿಗೆಯಲ್ಲಿದ್ದ ನನಗೆ ಕಾಣುತ್ತಿತ್ತು. ಕೂಗಲಾರೆ. ಎದ್ದು ಹೋಗಿ ಅಮ್ಮನ ಸೆರಗು ಎಳೆದೆ. ಅವಳು ಓಡಿ ಬಂದು, ಬಟ್ಟೆ ಹಿಡಿಯುವುದನ್ನೂ ಮರೆತು, ಬರಿಗೈಯಲ್ಲೇ ಬೋಗುಣಿ ಹಿಡಿದಳು. ಅದೇ ಹೊತ್ತಿಗೆ ಸುಟ್ಟ ವಾಸನೆಗೆ ಅಜ್ಜಿಯೂ ಒಳಗೆ ಬಂದಿದ್ದಳು.

"ರತ್ನಾ, ಬಿಡು ಅದನ್ನ. ಕೈ ಸುಡ್ತೈತಿ, ಬಿಡು."

ಬೋಗುಣಿ ನೆಲಕ್ಕೆ ಬಿತ್ತು. ತಳದಲ್ಲಿ ಕಣ್ಣಗಲದ ತೂತು. ಅಜ್ಜಿ ಅಮ್ಮನ ಕೈ ಹಿಡಿದು ನೀರಿನ ಕೊಳಗದೊಳಗೆ ಅದ್ದಿ ಹಿಡಿದಳು. ರತ್ನಾ ಎಂದು ಅವಳು ಕರೆದದ್ದನ್ನು ನಾನು ಕೇಳಿ ಒಂದು ವರ್ಷಕ್ಕೂ ಮೇಲಾಗಿತ್ತು. ಅಮ್ಮ ಕೈ ಎಳೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಕೊಳಗದ ಮುಂದೆ ಹಾಗೇ ಕುಕ್ಕರಗಾಲಲ್ಲಿ ಕೂತಿದ್ದರು. ಆಮೇಲೆ ಜಗಳ ಶುರುವಾಯಿತು.

ಹೊಸ ಪಾತ್ರೆ ಬೇಕೇ ಬೇಕಿತ್ತು, ಅದೂ ಅವತ್ತೇ. ಅಜ್ಜಿ ತಾಮ್ರದ ಕಿಟ್ಲಿ, ಅಂದರೆ ಕೆಟಲ್, ತರಬೇಕು ಅಂದಳು. ತಾಮ್ರ ಬಿಸಿ ಹಿಡಿದಿಡುತ್ತದೆ, ಒಂದು ಸಲ ಕಾಸಿದರೆ ಕೂಸಿಗೆ ಆಗಾಗ ಬಗ್ಗಿಸಿ ಕೊಡಬಹುದು, ಗಂಟಲಿಗೂ ಒಳ್ಳೆಯದು. ಅಮ್ಮ ಸ್ಟೀಲು ಸಾಕು ಅಂದಳು. ತಾಮ್ರ ತಿಕ್ಕುವವರು ಯಾರು, ಹುಣಸೆಹಣ್ಣು ಹಾಕಿ ಉಜ್ಜುತ್ತ ಕೂತರೆ ಮಿಷನ್ ತುಳಿಯುವವರು ಯಾರು. ನಾನು ತಿಕ್ಕುತ್ತೇನೆ, ನನಗೇನು ಕೈಯಿಲ್ಲವೇ ಎಂದು ಅಜ್ಜಿ. ಒಲೆಯೊಂದು ಬಿಟ್ಟರೆ ಈ ಮನೆಯಲ್ಲಿ ನೀವು ಯಾವುದನ್ನು ಮುಟ್ಟಿದ್ದೀರಿ ಎಂದು ಅಮ್ಮ. ಒಲೆ ಎಂಬ ಮಾತು ಬಂದದ್ದೇ ತಡ, ಅಜ್ಜಿಯ ದನಿ ಏರಿತು. ಒಲೆಯ ಮಾತು ನೀನು ಆಡಬೇಡ, ಬಾಳಿದ ಮನೆಯ ಒಲೆಗೆ ನೀರು ಸುರಿದವಳು ನೀನು. ಅಮ್ಮ ಸುಟ್ಟ ಕೈಯನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತಳು.

"ಅವತ್ತು ಎಂಗೆ ಗಾಳಿ ಬೀಸ್ತಿತ್ತು ಅಂತ ನಿಮ್ಗೆ ನೆಪ್ಪೈತಾ. ಒಲೆ ಹಿಂದ್ಲ ಗೋಡೆಗೆ ಆತ್ಕಂಡೇ ಮೈದುನ ಬಣವೆ ಒಟ್ಟಿದ್ದ. ನಾವೆಲ್ಲ ಓದ ಮ್ಯಾಲೆ ಒಂದು ಕಿಡಿ ಹಾರಿದ್ರೆ ನೋಡೋರು ಯಾರಿದ್ರು. ಅದ್ಕೇ ನೀರು ಉಯ್ದೆ. ಯೇಳಾನಾ ಅಂದ್ರೆ, ನೀವು ಅಷ್ಟೊತ್ತಿಗೇ ಮಾತು ಬಿಟ್ಟಿದ್ರಿ."

ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವಳ ಕಣ್ಣು ಎಲ್ಲೋ ನೆಟ್ಟಿತ್ತು, ಆ ಅಂಗಳ, ಆ ಬಣವೆ, ಆ ದಿನದ ಗಾಳಿ ಎಲ್ಲವನ್ನೂ ಜೋಡಿಸಿ ನೋಡುತ್ತಿರುವಂತೆ. ಹೌದು, ಬಣವೆ ಇತ್ತು ಅಂದಳು. ಅಷ್ಟೇ. ತಪ್ಪಾಯಿತು ಅನ್ನಲಿಲ್ಲ, ಅನ್ನುವ ಜಾಯಮಾನವೂ ಅವಳದಲ್ಲ. ಮರುಕ್ಷಣವೇ ಮತ್ತೆ ಸ್ಟೀಲಿಗೆ ಬೈಯತೊಡಗಿದಳು. ಸ್ಟೀಲು ಕ್ಷಣದಲ್ಲಿ ಕಾಯುತ್ತದೆ, ಕ್ಷಣದಲ್ಲಿ ಆರುತ್ತದೆ, ಈಗಿನವರ ಹಾಗೆ. ಅಮ್ಮ ತಿರುಗಿ ಉತ್ತರ ಕೊಟ್ಟಳು. ನಾನು ಹಾಸಿಗೆಗೆ ಹೋಗಿ ಮಲಗಿ, ಅವರ ಜಗಳವನ್ನು ಕೇಳುತ್ತ ಕಣ್ಣು ಮುಚ್ಚಿದೆ. ಅವರು ಒಬ್ಬರಿಗೊಬ್ಬರು ಬೈದುಕೊಳ್ಳುತ್ತಿದ್ದರು, ನೇರವಾಗಿ, ಮುಖ ನೋಡಿಕೊಂಡು. ಆ ಮಾತುಗಳಲ್ಲಿ ಒಂದನ್ನೂ ನಾನು ಎತ್ತಿ ಎಲ್ಲಿಗೂ ಒಯ್ಯಬೇಕಿರಲಿಲ್ಲ. ಜಗಳ ಮುಗಿಯುವ ಮೊದಲೇ ನಿದ್ದೆ ಹೋದೆ.

ಸಂಜೆಗೆ ಮೂವರೂ ಬಜಾರಿಗೆ ಹೊರಟೆವು. ನನ್ನನ್ನು ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ನನ್ನ ಕಿವಿಗೆ, ಗಂಟಲಿಗೆ ಅಜ್ಜಿ ತನ್ನ ಹಳೆ ಸೀರೆಯ ತುಂಡು ಸುತ್ತಿದ್ದಳು. ಅವಳ ಕೈಯಲ್ಲಿ ಒಂದು ಗೋಣಿಚೀಲವಿತ್ತು. ಅಮ್ಮ ಅದೇನೆಂದು ಕೇಳಲಿಲ್ಲ. ಪಾತ್ರೆ ಅಂಗಡಿಯ ಶೆಟ್ಟರು ತಾಮ್ರ, ಹಿತ್ತಾಳೆ, ಸ್ಟೀಲು ಎಲ್ಲವನ್ನೂ ಸೂರಿನ ತನಕ ತೂಗುಹಾಕಿದ್ದರು. ತೆಲುಗನ್ನೂ ಕನ್ನಡವನ್ನೂ ಒಂದೇ ಉಸಿರಿಗೆ ಆಡುವ ಮನುಷ್ಯ. ಚಾ ಕಾಸಲು ತಾಮ್ರದ್ದು ಬೇಕು ಎಂದು ಅಜ್ಜಿ ಹೇಳುತ್ತಿದ್ದಂತೆ, ಸ್ಟೀಲಿನವನ್ನೂ ತೋರಿಸಿ ಎಂದಳು ಅಮ್ಮ. ಶೆಟ್ಟರು ಇಬ್ಬರ ಮುಖವನ್ನೂ ನೋಡಿ, ಎರಡನ್ನೂ ಇಳಿಸಿ ಸಾಲಾಗಿ ಇಟ್ಟರು. ಸ್ಟೀಲಿನದನ್ನು ಅಮ್ಮ ಎತ್ತಿ, ಬೆರಳಲ್ಲಿ ಒತ್ತಿ, ಹಾಗೇ ಕೆಳಗಿಟ್ಟಳು. ಸುಟ್ಟ ಬೋಗುಣಿಯಷ್ಟೇ ತೆಳುವಿತ್ತು ಅದು. ಆಮೇಲೆ ಅವಳು ಅದರ ಕಡೆ ನೋಡಲಿಲ್ಲ. ಸೋತೆ ಎಂದೂ ಹೇಳಲಿಲ್ಲ.

ತಾಮ್ರದವು ಮೂರಿದ್ದವು. ಒಂದು ಹೊಟ್ಟೆ ದೊಡ್ಡದು, ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದಕ್ಕೆ ಮೇಲೆಲ್ಲ ಹೂವಿನ ಕೆತ್ತನೆ. ಇನ್ನೊಂದು ಮಂಕು ಬಣ್ಣದ್ದು, ಕುಳ್ಳಗೆ, ಮರದ ಹಿಡಿಕೆಯದು, ಪಕ್ಕದಲ್ಲಿ ಸಣ್ಣ ತಗ್ಗು ಬಿದ್ದಿತ್ತು. ಅಜ್ಜಿ ಹೊಳೆಯುವುದರ ಹೊಟ್ಟೆಗೆ ಬೆರಳಿನಿಂದ ತಟ್ಟಿ ಸದ್ದು ಕೇಳಿದಳು, ತೂಕ ನೋಡಿದಳು, ಇದು ಇರಲಿ ಅಂದಳು. ಅಮ್ಮ ಮುಚ್ಚಳ ತೆಗೆದು ಒಳಗೆ ನೋಡಿದಳು. ಒಳಗೂ ಹೊರಗಿನಂತೆಯೇ ಕೆಂಪಗಿತ್ತು. ಕಲಾಯಿ ಇಲ್ಲವೇ ಎಂದು ಕೇಳಿದಳು. ತಾಮ್ರದ ಪಾತ್ರೆಯ ಒಳಗೆ ತವರ ಬಳಿದು ಬೆಳ್ಳಗೆ ಮಾಡುವುದೇ ಕಲಾಯಿ. ಟೀಗೆ ಕಲಾಯಿ ಏನೂ ಬೇಕಾಗಿಲ್ಲಮ್ಮ, ಎಲ್ಲರೂ ಹೀಗೇ ಒಯ್ಯುತ್ತಾರೆ ಎಂದರು ಶೆಟ್ಟರು. ಅಮ್ಮ ತಲೆಯಾಡಿಸಿದಳು. ತವರಿನಲ್ಲಿ ಒಮ್ಮೆ ಕಲಾಯಿ ಸವೆದ ತಾಮ್ರದ ಪಾತ್ರೆಯಲ್ಲಿ ಹುಣಸೆ ಸಾರು ಕಾಸಿ, ಉಂಡವರೆಲ್ಲ ವಾಂತಿ ಮಾಡಿಕೊಂಡದ್ದನ್ನು ಹೇಳಿದಳು. ನೀರಿಗಾದರೆ ಬರಿ ತಾಮ್ರ ಸರಿ, ಹಾಲು ಬೀಳುವ ಪಾತ್ರೆಗೆ ಕಲಾಯಿ ಬೇಕು, ಇದರಲ್ಲಿ ಕೂಸಿಗೆ ನಾನು ಕೊಡುವುದಿಲ್ಲ ಅಂದಳು. ಶೆಟ್ಟರು ನಕ್ಕು, ಹಿರಿಯರು ಹೇಳಲಿ ಎಂದು ಅಜ್ಜಿಯ ಕಡೆ ತಿರುಗಿದರು. ಅಜ್ಜಿಗೆ ಆ ಹೊಳೆಯುವ ಕೆಟಲ್ ಮೇಲೆ ಮನಸ್ಸಾಗಿತ್ತು, ಕೈ ಇನ್ನೂ ಅದರ ಮೇಲೆಯೇ ಇತ್ತು. ಮನೆಯಲ್ಲಿ ಆಗಷ್ಟೇ ಕೂಡಿಬಂದದ್ದು ಈ ಅಂಗಡಿಯಲ್ಲಿ ಮುರಿಯುತ್ತದೆಂದು ನನಗೆ ಅನ್ನಿಸಿಬಿಟ್ಟಿತ್ತು.

"ನನ್ನ ಕೇಳಬ್ಯಾಡ್ರಿ ಶೆಟ್ರೆ. ನಾವು ತಾಮ್ರದಾಗ ನೀರಷ್ಟ ಕಾಸಿದವರು. ಅಡಿಗಿ ಮನಿ ಆಕೀದು, ನಮ್ಮ ಸೊಸಿ ಹೇಳಿದಂಗ ಕೊಡ್ರಿ."

ಅಮ್ಮ ಚಕ್ಕನೆ ತಿರುಗಿ ಅಜ್ಜಿಯನ್ನು ನೋಡಿದಳು. ಅಜ್ಜಿ ಸೂರಿಗೆ ತೂಗುಹಾಕಿದ ಸೌಟುಗಳನ್ನು ನೋಡುತ್ತಿದ್ದಳು.

ಉಳಿದ ಎರಡಕ್ಕೂ ಕಲಾಯಿ ಇತ್ತು. ಅಮ್ಮ ಒಂದು ಚೊಂಬು ನೀರು ಕೇಳಿ ತುಂಬಿಸಿ, ಬಗ್ಗಿಸಿ ನೋಡಿದಳು. ಹೂವಿನ ಕೆತ್ತನೆಯದು ಚೆಂದವಾಗಿಯೇ ಸುರಿಯಿತು. ಬೆಲೆ ಮಾತಾಡಲು ಶುರು ಮಾಡಿದರು. ನಾನು ಅವರ ಸೊಂಟದ ಎತ್ತರಕ್ಕಿದ್ದವಳು, ಕಟ್ಟೆಯ ಮೇಲಿದ್ದ ಕೆಟಲ್ ನನ್ನ ಕಣ್ಣಿಗೆ ಸರಿಸಮನಾಗಿತ್ತು. ಅದರ ಮೂತಿ ಹೊಟ್ಟೆಗೆ ಸೇರುವ ಬೆಸುಗೆಯಲ್ಲಿ ಒಂದು ಹನಿ ಮೂಡಿ, ದಪ್ಪವಾಗಿ, ಕೆಳಗಿಳಿಯಿತು. ಅದರ ಹಿಂದೆ ಇನ್ನೊಂದು. ಹೇಳೋಣವೆಂದರೆ ದನಿಯಿಲ್ಲ. ಅಮ್ಮನ ಸೆರಗನ್ನು ಒಂದು ಕೈಯಲ್ಲಿ, ಅಜ್ಜಿಯ ಸೆರಗನ್ನು ಇನ್ನೊಂದು ಕೈಯಲ್ಲಿ ಹಿಡಿದು ಎಳೆದು, ಗದ್ದದಿಂದ ತೋರಿಸಿದೆ. ಇಬ್ಬರೂ ಒಟ್ಟಿಗೇ ಬಗ್ಗಿದರು. ತಲೆಗೆ ತಲೆ ತಾಗಿತು. ಹನಿ ಕಂಡ ಮೇಲೆ ಅಮ್ಮ ನಕ್ಕಳು, ಅವಳು ನಕ್ಕದ್ದು ನೋಡಿ ಅಜ್ಜಿಯೂ ನಕ್ಕಳು. ಶೆಟ್ಟರು ಕೆತ್ತನೆಯದನ್ನು ಒಳಗೆ ಇಟ್ಟರು. ಮಂಕು ಬಣ್ಣದ, ತಗ್ಗು ಬಿದ್ದ ಕುಳ್ಳ ಕೆಟಲ್ ಎಷ್ಟು ಹೊತ್ತು ನೀರು ತುಂಬಿ ಇಟ್ಟರೂ ಒಂದು ಹನಿ ಸೋರಲಿಲ್ಲ. ಬಗ್ಗಿಸಿದರೆ ದಾರದಂತೆ ಸುರಿದು, ನಿಲ್ಲಿಸಿದ ಕೂಡಲೇ ನಿಲ್ಲುತ್ತಿತ್ತು.

ಆಗ ಅಜ್ಜಿ ಗೋಣಿಚೀಲ ಬಿಚ್ಚಿದಳು. ಒಳಗಿದ್ದದ್ದು ಊರಿನಿಂದ ತಂದಿದ್ದ ಅವಳ ತಾಮ್ರದ ಬಿಂದಿಗೆ, ಮದುವೆಯಲ್ಲಿ ಅವಳಿಗೆ ಬಂದದ್ದು. ಟ್ರ್ಯಾಕ್ಟರಿನಲ್ಲಿ ಬರುವಾಗ ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಇದನ್ನು ತೂಕಕ್ಕೆ ಹಾಕಿಕೊಂಡು ಕಿಟ್ಲಿ ಕೊಡಿ ಎಂದು ಶೆಟ್ಟರ ಮುಂದೆ ಇಟ್ಟಳು. ಅಮ್ಮ ಅದರ ಕಂಠಕ್ಕೆ ಕೈ ಹಾಕಿ ಹಿಡಿದುಕೊಂಡಳು.

"ಬ್ಯಾಡ ಅತ್ತೆ. ಇದು ನಿಮ್ಮದು, ಮನೇಲಿರ್ಲಿ."

"ತಳ ಹೋಗೈತವ್ವ. ನೀರು ನಿಲ್ಲಂಗಿಲ್ಲ. ಬರೇ ನೋಡ್ಕೋತ ಕುಂದ್ರಾಕ ಯಾಕ ಬೇಕು?"

ಆದರೂ ಅಮ್ಮ ಕೈ ಬಿಡಲಿಲ್ಲ. ಅಜ್ಜಿ ಒಂದೊಂದಾಗಿ ಅವಳ ಬೆರಳು ಬಿಡಿಸಿ, ಸುಟ್ಟ ಜಾಗ ಬಂದಾಗ ಮೆಲ್ಲಗೆ ಮಾಡಿ, ಬಿಂದಿಗೆಯನ್ನು ತಕ್ಕಡಿಗೆ ಸರಿಸಿದಳು. ದಾರಿಯಲ್ಲಿ ಕೆಟಲ್ ಹಿಡಿದದ್ದು ಅಮ್ಮ. ಖಾಲಿ ಗೋಣಿಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಅಜ್ಜಿ ನಡೆದಳು. ತಿರುಗಿ ಅಂಗಡಿಯ ಕಡೆ ಒಮ್ಮೆ ನೋಡಿದ್ದು ನಿಜ. ಆಮೇಲೆ ಕಲಾಯಿ ಎಷ್ಟು ವರ್ಷ ಬರುತ್ತದೆ ಎಂದು ಅಮ್ಮನನ್ನು ಕೇಳಿದಳು. ಅಮ್ಮ ಹೇಳಿದಳು. ಮನೆ ಬರುವವರೆಗೂ ಅವರು ಆಡಿದ್ದು ಬರೀ ಪಾತ್ರೆಯ ಮಾತು, ಹುಣಸೆಹಣ್ಣಿನ ಮಾತು, ಬೂದಿಯಲ್ಲಿ ತಿಕ್ಕಿದರೆ ಹೇಗೆ ಎಂಬ ಮಾತು. ನಾನು ನಡುವೆ ನಡೆಯುವುದನ್ನು ಬಿಟ್ಟು, ಅಮ್ಮನ ಆಚೆ ಪಕ್ಕಕ್ಕೆ ಹೋದೆ.

ಮೊದಲ ಸಲ ಕಷಾಯ ಕುದಿಸಿ ನನಗೆ ಕೊಟ್ಟು, ತೊಳೆದು, ಅದರಲ್ಲೇ ಟೀಗೆ ಇಟ್ಟರು. ಯಾವ ಒಲೆಯ ಮೇಲೆ ಎಂದು ಅಮ್ಮ ಕೈಯಲ್ಲಿ ಹಿಡಿದು ನಿಂತಾಗ, ಕಟ್ಟಿಗೆ ಹೊಗೆಗೆ ಹೊಸ ಪಾತ್ರೆ ಕರ್ರಗಾಗುತ್ತದೆ, ಒಳಗೇ ಇಡು ಎಂದು ಅಜ್ಜಿ ಹೇಳಿ, ತಾನೂ ಒಳಗೆ ಬಂದು ಸ್ಟವ್ವಿನ ಮುಂದೆ ಮಣೆ ಎಳೆದು ಕೂತಳು. ಅಮ್ಮ ಹಾಲು ಹಾಕಿದಳು. ಬೆಲ್ಲವೋ ಸಕ್ಕರೆಯೋ ಎಂದು ಕೇಳಿದಳು. ನೀನು ಹೇಗೆ ಕುಡಿಯುತ್ತೀಯೋ ಹಾಗೆ ಎಂದಳು ಅಜ್ಜಿ. ಅಪ್ಪ ಕೆಲಸದಿಂದ ಬಂದಾಗ ಅಡುಗೆಮನೆಯಲ್ಲಿ ಇಬ್ಬರೂ ಒಂದೇ ಕೆಟಲ್‌ನ ಟೀಯನ್ನು ಲೋಟಕ್ಕೆ ಹಾಕಿಕೊಂಡು ಕೂತಿದ್ದರು. ಬಾಗಿಲಲ್ಲೇ ನಿಂತುಬಿಟ್ಟ. ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾನು ಗಂಟಲು ತೋರಿಸಿ, ಮಾತಾಡುವ ಹಾಗಿಲ್ಲ ಎಂದು ಕೈಯಾಡಿಸಿದೆ. ಅಮ್ಮ ಅವನಿಗೂ ಒಂದು ಲೋಟ ಬಗ್ಗಿಸಿ ಕೊಟ್ಟಳು. ಅವನು ಅಂದು ಕೈ ತೊಳೆದು ಓಡದೆ, ಗೋಡೆಗೆ ಒರಗಿ ಕೂತು, ಬಹಳ ನಿಧಾನವಾಗಿ ಕುಡಿದ.

ನನ್ನ ದನಿ ಮರಳಿದ್ದು ಬಚ್ಚಲಲ್ಲಿ. ಬಿಸಿನೀರು ತಲೆಗೆ ಬಿದ್ದಾಗ ಅಯ್ಯೋ ಎಂದೆ, ಆ ಅಯ್ಯೋ ಕಾಗೆಯ ದನಿಯಲ್ಲಿ ಹೊರಗೆ ಬಂತು. ಬಾಯಿಗೆ ಕೈ ಒತ್ತಿಕೊಂಡೆ. ನಿಧಾನವಾಗಿ ನನ್ನ ಹೆಸರನ್ನೇ ಹೇಳಿ ನೋಡಿದೆ. ಬಂತು. ಸಂತೋಷದ ಹಿಂದೆಯೇ ಭಯವೂ ಬಂತು. ಹೊರಗೆ ಅವರಿಬ್ಬರೂ ಬೇಳೆ ಆರಿಸುತ್ತ ಏನೋ ಮಾತಾಡುತ್ತಿದ್ದರು. ನನಗೆ ದನಿ ಬಂತೆಂದು ಗೊತ್ತಾದರೆ, ಹಾಗಾದರೆ ಇನ್ನು ನಮಗೇಕೆ ಈ ಕಷ್ಟ ಎಂದು ಇಬ್ಬರೂ ಮತ್ತೆ ತಮ್ಮ ತಮ್ಮ ಒಲೆಗೆ ಹೋಗಿಬಿಟ್ಟರೆ? ಮಕ್ಕಳ ಲೆಕ್ಕ ಹಾಗೆ. ನಾನು ತಲೆ ಒರೆಸಿಕೊಂಡು ಹೊರಬಂದು, ಗಂಟಲಿಗೆ ಬಟ್ಟೆ ಸುತ್ತಿಸಿಕೊಂಡು ಸುಮ್ಮನೆ ಕೂತೆ. ಅಂದೂ ಸುಮ್ಮನಿದ್ದೆ, ಮಾರನೆಯ ದಿನವೂ ಸುಮ್ಮನಿದ್ದೆ. ಅಮ್ಮ ರಾತ್ರಿ ಅಪ್ಪನಿಗೆ, ಇಷ್ಟು ದಿನವಾದರೂ ಬರಲಿಲ್ಲವಲ್ಲ ಎಂದು ಹೇಳುವುದನ್ನು ಕೇಳಿ ನನಗೆ ಅಳು ಬರುವಂತಾಗಿತ್ತು.

ಹಿತ್ತಲಿನ ಆಚೆ ಗೋಡೆಯ ಮನೆಯವರು ನಮ್ಮ ಕಡೆಗೆ ಒಂದು ಕುರಿಮರಿ ಕಟ್ಟಿದ್ದರು. ಅದರ ಮುಂದೆ ಕೂತು, ನಿನಗಾದರೂ ಹೇಳುತ್ತೇನೆ, ನನ್ನ ಗಂಟಲು ವಾಸಿಯಾಗಿದೆ ಎಂದು ಪಿಸುಗುಟ್ಟುತ್ತಿದ್ದಾಗ ಹಿಂದೆ ಅಜ್ಜಿ ನಿಂತಿದ್ದಳು. ಕೈಯಲ್ಲಿ ತಿಕ್ಕಲು ತಂದ ಕೆಟಲ್ ಇತ್ತು. ಅದನ್ನು ಕಲ್ಲಿನ ಮೇಲೆ ಇಟ್ಟು ನನ್ನ ಪಕ್ಕ ಕೂತಳು. ದನಿ ಯಾವಾಗ ಬಂತೆಂದು ಕೇಳಿದಳು. ಮೊನ್ನೆ ಅಂದೆ. ಮತ್ಯಾಕೆ ಹೇಳಲಿಲ್ಲ ಎಂದದ್ದಕ್ಕೆ ನನಗೆ ತಡೆಯಲಾಗಲಿಲ್ಲ.

"ನಾನು ಮಾತಾಡಿದ್ರ ನೀವಿಬ್ರೂ ಮತ್ತ ಮಾತು ಬಿಡ್ತೀರಿ."

ಅಜ್ಜಿ ಕುರಿಮರಿಯ ಕಿವಿಯನ್ನು ಸವರುತ್ತ ಕೂತಳು. ಅವಳ ಮುಖವನ್ನು ಅಷ್ಟು ಸಣ್ಣದಾಗಿ ನಾನು ಹಿಂದೆಂದೂ ಕಂಡಿರಲಿಲ್ಲ. ಆಮೇಲೆ ಎದ್ದು ಬಾಗಿಲಿಗೆ ಹೋಗಿ, ರತ್ನಾ, ಇಲ್ಲಿ ಬಾ ಎಂದು ಕೂಗಿದಳು. ನಾನು ಹಿತ್ತಲಲ್ಲಿದ್ದಾಗಷ್ಟೇ ಮಿಷನ್ ತುಳಿಯುತ್ತಿದ್ದ ಅಮ್ಮ ಅದನ್ನು ನಿಲ್ಲಿಸಿ ಬಂದಳು, ಭುಜದ ಮೇಲೆಲ್ಲ ದಾರದ ತುಂಡುಗಳು. ಅಜ್ಜಿ ತಾನೇ ಅವಳಿಗೆ ಎಲ್ಲವನ್ನೂ ಹೇಳಿದಳು, ನಾನು ಹೇಳಿದ್ದನ್ನು ಹೇಳಿದ ಹಾಗೇ, ಒಂದು ಮಾತೂ ಮೆತ್ತಗೆ ಮಾಡದೆ. ಅಮ್ಮ ಕೇಳುತ್ತ ಕೇಳುತ್ತ ನನ್ನ ಮುಂದೆ ಕುಕ್ಕರಿಸಿ, ನೀಲಿ ಅಂಗೈಯನ್ನು ನನ್ನ ಗಂಟಲಿನ ಮೇಲೆ ಇಟ್ಟಳು. ಏನಾದರೂ ಮಾತಾಡು ಅಂದಳು. ಏನು ಮಾತಾಡಲಿ ಅಂದೆ. ಕಾಗೆಯ ದನಿಯನ್ನು ಕೇಳಿ ಅವಳ ಕಣ್ಣು ತುಂಬಿತು, ಮುಖ ನಗುತ್ತಿತ್ತು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಗಂಗೀ, ಹೋಗಿ ಹೇಳು."

ಯಾರಿಗೆ ಎಂದು ಕೇಳಿದೆ, ಅಮ್ಮನ ಮುಖ ನೋಡುತ್ತ.

"ಓಣ್ಯಾಗಿನ ಹುಡುಗ್ರಿಗೆ. ಗಂಟಲು ನೆಟ್ಟಗಾತು, ನಾಳಿಂದ ಆಟಕ್ಕ ಬರ್ತೀನಿ ಅಂತ ಹೇಳಿ ಬಾ."

ಗಂಟಲಿನ ಬಟ್ಟೆ ಬಿಚ್ಚಿ ಅವಳ ಕೈಗೆ ಕೊಟ್ಟು ಓಡಿದೆ. ಹೊಸ್ತಿಲು ದಾಟುವಾಗ ಹಿಂದಿನಿಂದ ಅಮ್ಮ ಏನೋ ಅನ್ನುವುದು, ಅಜ್ಜಿ ಅದಕ್ಕೆ ಏನೋ ಅನ್ನುವುದು ಕಿವಿಗೆ ಬಿತ್ತು. ಏನೆಂದು ನಾನು ನಿಂತು ಕೇಳಿಸಿಕೊಳ್ಳಲಿಲ್ಲ.